ಕುಂಕುಮ ತಿಂದ ನಳಿಗೆ

ರಾಣೆಬೆನ್ನೂರಿನ ಹಳೇ ಓಣಿಗೆ ಇನ್ನೂ ಹಾಲಿನವನೂ ಬಂದಿಲ್ಲ. ಬಂದೂಕು ರಿಪೇರಿಯ ಡಾಕಪ್ಪ ಮಾತ್ರ ಅಂಗಡಿ ಕಟ್ಟೆಯ ಮೇಲೆ ಮೂಡಣಕ್ಕೆ ಮುಖ ಮಾಡಿ ಕೂತಿದ್ದಾರೆ. ಬೋಲ್ಟ್ ಕಳಚಿದ ಹಳೇ ರೈಫಲ್ಲಿನ ಹಿಂಬದಿಗೆ ಕಣ್ಣಿಟ್ಟು, ನಳಿಗೆಯೊಳಗಿಂದ ಹುಟ್ಟುವ ಬೆಳಕನ್ನು ನೋಡುತ್ತಿದ್ದಾರೆ. "ಲೈಟ್ ಹಚ್ಚಿ ನೋಡಿದ್ರ ಎಲ್ಲಾ ನಳಿಗಿನೂ ಮಿಂಚತಾವ್ರಿ. ಮುಂಜಾನಿ ಬೆಳಕು ಸುಳ್ಳು ಹೇಳಂಗಿಲ್ಲ" ಎನ್ನುತ್ತಾರೆ.

ಇವತ್ತು ಆ ಬೆಳಕು ಹೇಳುವುದು ಒಳ್ಳೆಯ ಸುದ್ದಿಯಲ್ಲ. ಗುಂಡನ್ನು ತಿರುಗಿಸಿ ನೆಟ್ಟಗೆ ಕಳಿಸುವ ಸುರುಳಿ ಗೆರೆಗಳು ನಳಿಗೆಯ ಬಾಯಿಯ ಕಡೆ ಗೇಣುದ್ದ ಅಳಿಸಿಹೋಗಿವೆ; ತುಕ್ಕು ಉಕ್ಕನ್ನು ಗುಂಡಿ ಗುಂಡಿಯಾಗಿ ತಿಂದಿದೆ. ಗುಂಡು ಸಿಡಿಯುವ ಹಿಂಬದಿ ಮಾತ್ರ ಅಷ್ಟು ಕೆಟ್ಟಿಲ್ಲ. ಹೊಡೆದು ಹೊಡೆದು ಸವೆದದ್ದಲ್ಲ ಇದು. ಮತ್ತೇನು?

ರೈಫಲ್ಲು ಕರ್ಜಗಿಯ ಶೇಖವ್ವ ಅವರದು. ಗಂಡ ಹಾಲೇಶಪ್ಪ ತೀರಿಕೊಂಡ ಮೇಲೆ, ಕಾಡುಹಂದಿಯಿಂದ ಗೋವಿನಜೋಳ ಕಾಯುವ ಲೈಸೆನ್ಸು ಅವರ ಹೆಸರಿಗಾಗಿದೆ. ಮೊದಲ ಬಸ್ಸಿಗೆ ಬಂದಿಳಿದ ಶೇಖವ್ವನನ್ನು ಡಾಕಪ್ಪ ಕೇಳುತ್ತಾರೆ, "ಯವ್ವಾ, ಖಂಡೇನವಮಿ ಆಯುಧಪೂಜಿಗೆ ಇದರ ಪೂಜಿ ಹೆಂಗ ಮಾಡ್ತಿದ್ರಿ?"

"ಎಲ್ಲಾರಂಗರಿ ಅಣ್ಣಾರ. ಇಭೂತಿ, ಕುಂಕುಮ ಹಚ್ಚಿ, ಒಡದ ಕಾಯಿನೀರು ನಳಿಗಿ ಬಾಯಾಗ ಬಿಡ್ತಿದ್ದೆ. ವರ್ಷಕ್ಕೊಮ್ಮೆ ಅದಕ್ಕೂ ನೀರಡಿಕಿ ಆಗತೈತಿ ಅಂತಿದ್ರು ನಮ್ಮ ಯಜಮಾನ್ರು."

"ಎಷ್ಟು ವರ್ಷರಿ?"

"ಮದಿವಿ ಆದಾಗಿಂದ. ಮೂವತ್ತೆಂಟು."

ಅಯ್ಯೋ ಶಿವನೇ! ಡಾಕಪ್ಪ ಹಣೆ ಒತ್ತಿಕೊಳ್ಳುತ್ತಾರೆ. ಕಾಯಿನೀರಿನ ಉಪ್ಪು, ಕುಂಕುಮದ ತೇವ ಒಳಗೇ ನಿಂತು ಉಕ್ಕು ತಿಂದದ್ದನ್ನು ಬಿಡಿಸಿ ಹೇಳುತ್ತಾರೆ. ಗಂಡ ಮಗುವಿನಂತೆ ಜೋಪಾನ ಮಾಡಿದ್ದನ್ನು ತಾನೇ ಕೈಯಾರೆ ಕೆಡಿಸಿದೆನೆಂದು ತಿಳಿದು ಶೇಖವ್ವ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂರುತ್ತಾರೆ.

ಡಾಕಪ್ಪನವರಿಗೆ ಅರವತ್ತೆಂಟು. ಅಪ್ಪನ ಕೈಕೆಳಗೆ ಕಲಿತದ್ದು. ಈ ಕಟ್ಟೆಯ ಮೇಲೆ ಕೂತು ಐವತ್ತು ವರ್ಷವಾಯಿತು. ವರ್ಷಕ್ಕೆ ನಲವತ್ತು ಬಂದೂಕು ಬಂದರೆ ಹೆಚ್ಚು. ಚುನಾವಣೆ ಮುಗಿದಾಗ ಮಾತ್ರ ಸುಗ್ಗಿ. ಹಾವೇರಿ, ಬ್ಯಾಡಗಿ ಕಡೆಯವರು ಠಾಣೆಯಲ್ಲಿ ಜಮಾ ಮಾಡಿದ್ದನ್ನು ಬಿಡಿಸಿಕೊಂಡು ನೆಟ್ಟಗೆ ಇಲ್ಲಿಗೇ ತರುತ್ತಾರೆ. ಡಾಕಪ್ಪನವರ ಎಡಗೈಯಲ್ಲಿ ಎರಡು ಬೆರಳಿಲ್ಲ. ಮೂವತ್ತು ವರ್ಷದ ಹಿಂದೆ ಗಿರಾಕಿಯ ಒತ್ತಾಯಕ್ಕೆ ಒಂದು ಹಳೇ ನಳಿಗೆಯನ್ನು "ನಡೀತೈತಿ" ಎಂದರು. ಪರೀಕ್ಷೆಗೆಂದು ಹೊಡೆದಾಗ ಅದು ಸೀಳಿತು. "ಅವತ್ತಿಗೆ ಆ ಮಾತು ಬಿಟ್ಟೆ ನೋಡ್ರಿ. ಬರೋಬ್ಬರಿ ಐತಿ ಅಂತೇನಿ, ಇಲ್ಲಾಂದ್ರ ಇಲ್ಲ ಅಂತೇನಿ."

ಈಗ ಏನು ಮಾಡುವುದು? ಕೆಟ್ಟ ತುದಿ ಕತ್ತರಿಸೋಣವೆಂದರೆ ಕಾನೂನು ಒಪ್ಪುವುದಿಲ್ಲ. ಹೊಸ ನಳಿಗೆ ಕೂಡಿಸಬೇಕೆಂದರೆ ಡಿಸಿ ಕಚೇರಿಯ ಅನುಮತಿ, ತಿಂಗಳುಗಟ್ಟಲೆ ಕಾಯುವಿಕೆ. ನಂಬರಿರುವ ಹಳೆಯದನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಉಳಿದದ್ದು ಇನ್ನೊಂದು ದಾರಿ. ಹಳೇ ನಳಿಗೆಯನ್ನು ಒಳಗೆ ಕೊರೆದು ತೆಳು ಕೊಳವೆ ಕೂಡಿಸಿದರೆ ಹೊರಮೈ ಹಾಗೇ ಉಳಿಯುತ್ತದೆ. ಶೇಖವ್ವ ಅದಕ್ಕೇ ಜೋತುಬೀಳುತ್ತಾರೆ. "ಅವರು ಹಿಡದದ್ದರಿ ಇದು. ಒಳಗ ಕೊಳವಿ ಹಾಕ್ರಿ, ನಡೀತೈತಿಲ್ಲ?"

ಡಾಕಪ್ಪ ರೈಫಲ್ಲಿನ ಹಿಡಿಯ ಕಟ್ಟಿಗೆಯಿಂದ ನಳಿಗೆ ಬಿಡಿಸಿ ಅದರ ಅಡಿಮೈ ತೋರಿಸುತ್ತಾರೆ. ಅಲ್ಲಿಯೂ ಕಾಯಿನೀರು ಇಳಿದು ಹೊರಗಿನಿಂದ ತಿಂದಿದೆ. ಕೊರೆದರೆ ಉಳಿಯುವ ಉಕ್ಕು ರಟ್ಟಿನಷ್ಟು. ಅವರು ಎಡಗೈಯನ್ನು ಮುಂದೆ ಚಾಚುತ್ತಾರೆ.

"ಇಲ್ರಿ ಯವ್ವಾ. ಹೊಸಾದ ಹಾಕಬೇಕು. ನಿಮ್ಮ ಗಲ್ಲದ ಹತ್ರ ಇರೋ ವಸ್ತುರಿ ಇದು. ನಳಿಗಿ ಹೋಗಲಿ, ಅವರ ಗಲ್ಲ ಊರಿ ನುಣುಪಾದ ಕಟಗಿ ಐತಲ್ಲ, ಅದನ್ನ ನಾ ಉಜ್ಜಂಗೂ ಇಲ್ಲ."

ಶೇಖವ್ವ ಕಟ್ಟಿಗೆಯ ಆ ಜಾಗವನ್ನು ಸೆರಗಿನಿಂದ ಒರೆಸುತ್ತಾರೆ, ಬಹಳ ಹೊತ್ತು. ಆಮೇಲೆ ಹೊಸ ನಳಿಗೆಯ ಅರ್ಜಿಗೆ ಸಹಿ ಹಾಕುತ್ತಾರೆ. ಈ ಸಲದ ಬೆಳೆಗೆ ತಮಟೆ ಬಡಿದೇ ಹಂದಿ ಓಡಿಸಬೇಕು.

"ಐವತ್ತು ವರ್ಷದಾಗ ನನ್ನ ಹೆಸರು ಪೇಪರ್‌ನ್ಯಾಗ ಬಂದಿಲ್ರಿ" ಎಂದು ನಗುತ್ತಾರೆ ಡಾಕಪ್ಪ. "ನಾ ಕೊಟ್ಟು ಕಳಿಸಿದ ಬಂದೂಕು ಸೀಳಿದ ಸುದ್ದಿನೂ ಬಂದಿಲ್ಲ. ಅದ ದೊಡ್ಡದು."

ಬಸ್ಸಿಗೆ ಹೊರಟ ಶೇಖವ್ವ ತಿರುಗಿ ನಿಲ್ಲುತ್ತಾರೆ. "ಹಂಗಾರ ಬರೋ ಖಂಡೇನವಮಿಗೆ?"

"ಕುಂಕುಮ ಕಟಗಿಗೆ ಹಚ್ಚರಿ, ಅವರ ಗಲ್ಲ ಹತ್ತಿದಲ್ಲಿ. ನಳಿಗಿಗೆ ನಾಕ ಹನಿ ಎಣ್ಣಿ ಸಾಕು. ಅದಕ್ಕ ಅದ ನೈವೇದ್ಯ."