ಹೊಂಗೆ ಮರವಿಲ್ಲದ ಗುಡ್ಡ

ಹೊನ್ನಾವರದಲ್ಲಿ ರಾತ್ರಿ ರೈಲು ಹತ್ತಿದವಳು ಬೆಂಗಳೂರಿನಲ್ಲಿ ಗಾಡಿ ಬದಲಿಸಿ ಬಂಗಾರಪೇಟೆಯಲ್ಲಿ ಇಳಿದಾಗ ಮಧ್ಯಾಹ್ನ. ಆಷಾಢದ ಗಾಳಿ, ಸುರಿಯುವ ಹಾಗೆ ಮಾಡಿ ಸುರಿಯದ ಮೋಡ. ಕೈಯಲ್ಲಿ ಹಳೆ ಸೀರೆ ಸುತ್ತಿದ ಗಾಜಿನ ತೋರಣವಿತ್ತು. ನಮ್ಮೂರ ಕಡಲತೀರದಲ್ಲಿ ಹೆಕ್ಕಿದ ಬಾಟಲಿ ಚೂರುಗಳನ್ನು ತಾಮ್ರದ ತಂತಿಯಲ್ಲಿ ಕಟ್ಟಿ, ಅಲೆ ತಂದು ಹಾಕಿದ ಕೋಲಿಗೆ ಇಳಿಬಿಟ್ಟಿದ್ದೆ. ಸೀರೆಯ ಗಂಟಿನಲ್ಲಿ ಮಗುವಿರಬೇಕೆಂದು ರೈಲಿನಲ್ಲಿ ಯಾರೋ ಸೀಟು ಬಿಟ್ಟುಕೊಟ್ಟರು. ನಾನೂ ತೆಪ್ಪಗೆ ಕೂತೆ.

ತೋರಣ ರತ್ನಮ್ಮನಿಗೆ. ಕ್ಯಾಸಂಬಳ್ಳಿ ಕಡೆಯ ರೈತರ ಮಗಳು, ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ಸೊಸೆ, ನನ್ನ ಹಾಗೆ ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಒಂದು ತರಬೇತಿಯಲ್ಲಿ ಗೆಳತಿಯರಾದಾಗ ನಮ್ಮಲ್ಲೊಂದು ಮಾತಾಗಿತ್ತು: ದಿನಕ್ಕೊಂದು ಅಂಗೈಯಗಲದ ಚಿತ್ರ ಬರೆದು ಫೋನಿನಲ್ಲಿ ಕಳಿಸಬೇಕು, ಅಂದು ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು. ನನ್ನದು ಕಡಲು. ಅವಳದು ಮನೆಯೆದುರಿನ ಸೈನೈಡ್ ಗುಡ್ಡ, ಅಂದರೆ ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಪುಡಿಯ ರಾಶಿ, ಮತ್ತು ಅದರ ಬುಡದ ಹೊಂಗೆ ಮರ. ಬೇಸಿಗೆಯಿಂದ ಅವಳ ಚಿತ್ರ ಬಂದಿರಲಿಲ್ಲ. ಕಣ್ಣು ಹೋಗುತ್ತಿದೆ ಎಂದು ಅವಳ ಗಂಡ ಫೋನಿನಲ್ಲಿ ಹೇಳಿದ್ದರು.

ಸ್ಟೇಷನ್ ಹೊರಗೆ ಪಾನಿಪುರಿ ತಿಂದೆ. ಇಲ್ಲಿನ ಪಾನಿ ನೋಡಲು ತಿಳಿನೀರು, ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. ಕಣ್ಣಲ್ಲಿ ನೀರು ಬಂತು. ಅಲ್ಲೇ ಅತ್ತು ಮುಗಿಸಿದ್ದು ಒಳ್ಳೆಯದಾಯಿತು. ಮಾರಿಕುಪ್ಪಂ ಗಾಡಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರನ್ನೂ ಕೇಳುತ್ತಾ ಚಾಂಪಿಯನ್‌ನಲ್ಲಿ ಇಳಿದೆ.

ಸಾಲುಮನೆಯ ಬಾಗಿಲಲ್ಲಿ ರತ್ನ ಕೂತಿದ್ದಳು. ಬೆಳಕು, ನೆರಳು ಇಷ್ಟೇ ಗೊತ್ತಾಗುತ್ತದಂತೆ. ತೋರಣ ಮಡಿಲಿಗಿಟ್ಟೆ. ಒಂದೊಂದೇ ಚೂರನ್ನು ಸವರಿದಳು.

"ಅಂಚೇ ಇಲ್ವಲ್ಲಕ್ಕಾ. ನಮ್ ಕಡೆ ಗಾಜು ಮುಟ್ಟಿದ್ರೆ ಕೈ ಕುಯ್ತದೆ."

"ಕಡಲು ಸವೆಸಿದ್ದು."

ಕಿಟಕಿಗೆ ಕಟ್ಟಲು ಹೋದೆ. "ಬಾಗ್ಲಿಗೆ ಕಟ್ಟು. ಗಾಳಿ ಅಲ್ಲೇ ಬರೋದು," ಎಂದಳು. ಬೆಳಕಿಗೆಂದು ಮಾಡಿದ ವಸ್ತುವನ್ನು ಸದ್ದಿಗೆ ಕಟ್ಟಿದೆ.

ಚಹಾ ಆದ ಮೇಲೆ, "ಇವತ್ತು ಗುಡ್ಡ ನೀನೇ ಬರಿ. ಒಂಗೆ ಮರ ಬಿಡ್ಬೇಡ," ಎಂದಳು.

ಬಣ್ಣ ಬಿಚ್ಚಿ ನೋಡಿದರೆ ಎದುರಿಗೆ ಹೊಂಗೆ ಮರವೇ ಇಲ್ಲ. ಬರೀ ಮೋಟು, ಸುತ್ತ ಮರದ ಹೊಟ್ಟು. ಹೇಳಲು ಬಾಯಿ ಬರಲಿಲ್ಲ. ಅವಳ ಹಳೆಯ ಚಿತ್ರಗಳ ನೆನಪಿನಿಂದ ಮರ ಬರೆದೆ, ಎಲೆಗೆ ಎಳೆ ಹಸಿರೂ ಹಚ್ಚಿದೆ.

"ಮರ ಬರದ್ಯಾ?"

"ಬರೆದೆ. ತುಂಬಾ ಚಿಗುರಿದೆ."

ಅವಳು ಸೆರಗಿನ ತುದಿ ತಿರುಚಿದಳು. "ಓದ ವಾರ ಕಡ್ದಾಕ್ಬುಟ್ರು. ಇಲ್ಲೇ ಕೂತು ಗರಗಸದ ಸದ್ದು ಕೇಳ್ದೆ. ಎಲ್ರೂ ನನ್ ಕಣ್ಣು ಸರಿಯೋಗ್ತದೆ ಅಂತಾರೆ. ನೀನೂ ಸುಳ್ಳೇಳಿದ್ರೆ ನಾನ್ಯಾರ ಕಣ್ಣು ನಂಬ್ಲಿ?"

ನಾಚಿಕೆಯಿಂದ ನಾನು ಕುಗ್ಗಿಹೋದೆ. ಬೇರೆ ಹಾಳೆ ತೆಗೆದು ಮೋಟು ಬರೆದೆ, ಗುಡ್ಡದ ಮೇಲೆ ಮಳೆ ಕೊರೆದ ಗೆರೆ ಬರೆದೆ. ಒಂದೊಂದನ್ನೂ ಬಾಯಲ್ಲಿ ಹೇಳುತ್ತಾ ಹೋದೆ. ಅವಳು ಸೆರಗು ತಿರುಚುತ್ತಲೇ ಇದ್ದಳು. ರಾತ್ರಿ ಅವಳ ಗಂಡ ಬೆಂಗಳೂರಿನ ಕೆಲಸದಿಂದ ಬಂದರು, ಮುದ್ದೆ ಬಸ್ಸಾರು ಉಂಡೆವು.

ಬೆಳಿಗ್ಗೆ ಹನಿಯುತ್ತಿತ್ತು. ಆಟೊ ಹತ್ತಿ ತಿರುಗಿ ನೋಡಿದೆ. ರತ್ನ ತೋರಣದ ಕೆಳಗೆ ನಿಂತು ಕೈ ಬೀಸುತ್ತಿದ್ದಳು. ಬಂಗಾರಪೇಟೆಯಲ್ಲಿ ಬೆಂಗಳೂರು ಗಾಡಿಗೆ ಕಾಯುತ್ತಾ ಅದನ್ನೇ ಬರೆದೆ. ಅಷ್ಟರಲ್ಲಿ ಅವಳ ಫೋನು.

"ಇವತ್ತಿಂದು ಏನು ಬರದೆ ಅಕ್ಕಾ?"

"ನಿನ್ನನ್ನೇ. ಕೈ ಬೀಸುತ್ತಿದ್ದೆಯಲ್ಲ, ಅದನ್ನು."

"ಯಾವ ಕಡೀಕ್ ಬೀಸ್ತಿದ್ದೆ?"

ಹಾಳೆ ನೋಡಿದೆ. "ಬೀದಿ ನಲ್ಲಿಯ ಕಡೆಗೆ. ನನ್ನ ಆಟೊ ಇನ್ನೊಂದು ಕಡೆ ಇತ್ತು."

ಆ ಕಡೆ ಗಾಜಿನ ಸದ್ದು ಕೇಳುತ್ತಿತ್ತು.

"ನಲ್ಲೀನೂ ಬರದ್ಯಾ?"

"ಬರೆದೆ."

"ಅಂಗಾದ್ರೆ ನಾಳೇನೂ ಕಂಡದ್ದು ಕಂಡಂಗೇ ಏಳಕ್ಕಾ," ಎಂದಳು.