ತೊಳೆದ ತೋಳ

ಸಿಂದಗಿ ಬಳಿಯ ಸಣ್ಣ ಪ್ರಾಣಿ ಸಂಗ್ರಹಾಲಯದಲ್ಲಿ, ಸತ್ತ ಮೇಲೆ ಚರ್ಮದೊಳಗೆ ಹುಲ್ಲು ತುಂಬಿ ನಿಲ್ಲಿಸಿದ ತೋಳ, ನರಿ, ಚಿಗರಿಗಳ ನಡುವೆ ಸಿದ್ದಲಿಂಗವ್ವ ಕಸ ಗುಡಿಸುತ್ತಿದ್ದಳು. ಮನೆಯಿಂದ ಹೊರಬೀಳಲು ಅವಳಿಗಿದ್ದ ದಾರಿ ಅದೊಂದೇ.

ದಸರೆಯ ಘಟ ಕೂರಿಸುವ ಮುಂಚೆ ಹಾಸಿಗೆ, ಕಂಬಳಿಗಳನ್ನೆಲ್ಲ ತೊಳೆಯುವುದು ಹೆಂಗಸರ ಪಾಲು. ಅದೇ ರೂಢಿಯಲ್ಲಿ ಅವಳು ತೋಳಕ್ಕೂ ಸೋಪಿನ ನೀರು ಸುರಿದು ತಿಕ್ಕಿದಳು. ಕೂದಲು ಹಿಡಿಹಿಡಿಯಾಗಿ ಕೈಗೆ ಬಂತು.

"ಯಾರ ಹೇಳಿದ್ರವಾ ನಿನಗ, ತೊಳಿ ಅಂತ?" ಮೇಲ್ವಿಚಾರಕ ಸಂಜೀವಕುಮಾರ ಕೂಗಿದ.

"ಹಬ್ಬಕ್ಕ ಹೊಲಸ ಇಡಬಾರದಲ್ರಿ, ಸಾಹೇಬ್ರ."

"ನಾಳಿಂದ ಬರಬ್ಯಾಡ."

ಸುದ್ದಿ ಕೇಳಿ ಅತ್ತೆ ಹುಲಿಗೆವ್ವ ನಕ್ಕಳು. "ಛಲೋ ಆತ ಬಿಡ. ಇನ್ನ ದಿನಾ ಮನ್ಯಾಗ ಸಿಗ್ತಿ."

ಉಣ್ಣುತ್ತಿದ್ದ ಗಂಡ ತಲೆಯೆತ್ತದೆ, "ರೊಟ್ಟಿ ಹಾಕು" ಎಂದ.

ಸಿದ್ದಲಿಂಗವ್ವ ರೊಟ್ಟಿ ಹಾಕಿದಳು. "ನಾಳೆ ಹೋಗಿ ಸಾಹೇಬ್ರ ಕಾಲ ಹಿಡಿತೇನಿ" ಎಂದಳು.