ಎಲುಬು ಅಳೆಯುವ ಸುಗುಣಕ್ಕ

ಬೈಂದೂರಿನ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಕುಂದಾಪುರದ ಶವಾಗಾರವೊಂದರ ಹಿತ್ತಲಲ್ಲಿ ನಲ್ಲಿ ಸುರಿಯುತ್ತಿದೆ. ಸುಗುಣ ಕುಕ್ಕರಗಾಲಿನಲ್ಲಿ ಕುಳಿತು, ಮೆದು ಬ್ರಶ್ಶಿನಿಂದ ಎಲುಬೊಂದರ ಮರಳು ತೊಳೆಯುತ್ತಿದ್ದಾರೆ. ನಿನ್ನೆ ಪೊಲೀಸರು ತಂದದ್ದು. ನೆರಳಲ್ಲಿ ಒಣಗಿಸಿ, ಆಮೇಲೆ ಅಳೆಯಬೇಕು.

ಕಿರಿಮಂಜೇಶ್ವರದ ಮೀನುಗಾರರ ಮನೆಯ ಸುಗುಣ, ಗಂಡ ತೀರಿಕೊಂಡ ಮೇಲೆ 1997ರಲ್ಲಿ ನೆಲ ಒರೆಸಲು ಇಲ್ಲಿಗೆ ಸೇರಿದರು. ಕೆಲಸ ಎಲ್ಲಿ ಎಂದು ತಿಳಿದ ನೆಂಟರು ಮದುವೆಗೆ ಕರೆಯುವುದನ್ನೇ ಬಿಟ್ಟರು. ಎಲುಬು ಗಂಡಸಿನದೋ ಹೆಂಗಸಿನದೋ ಎಂದು ತಿಳಿಯಲು ಅಳೆಯುವುದನ್ನು ಕಲಿಸಿದವರು ಇಲ್ಲಿನ ಡಾಕ್ಟರ್ ರವಿಚಂದ್ರ.

"ಉದ್ದ ಒಂದೇ ಕಂಡ್ರೆ ಆತಿಲ್ಲೆ," ಎನ್ನುತ್ತಾರೆ ಸುಗುಣ. "ಉದ್ದದ್ ಹೆಂಗ್ಸರಿಲ್ಯಾ? ಗಿಡ್ಡ ಗಂಡ್ಸರಿಲ್ಯಾ?"

ಅದಕ್ಕೇ ತೊಡೆಯೆಲುಬಿನ ಉದ್ದದ ಜೊತೆ ಸೊಂಟದೊಳಗೆ ಕೂರುವ ಗುಂಡು, ಮೊಣಕಾಲ ಕಡೆಯ ಅಗಲ, ನಡುವಿನ ಸುತ್ತಳತೆ ಎಲ್ಲವೂ ಬೇಕು. ಗಂಡೋ ಹೆಣ್ಣೋ ಮೊದಲೇ ಗೊತ್ತಿರುವ ನೂರಾರು ಎಲುಬುಗಳನ್ನು ತಜ್ಞರು ಅಳೆದು, ಯಾವ ಅಳತೆಗೆ ಎಷ್ಟು ತೂಕ ಕೊಡಬೇಕೆಂದು ಗೊತ್ತುಮಾಡಿರುತ್ತಾರೆ. ಡಾಕ್ಟರು ಆ ತೂಕದಂತೆ ಎಲ್ಲವನ್ನೂ ಕೂಡಿಸುತ್ತಾರೆ. ಮೊತ್ತ ಒಂದು ಗಡಿಯ ಆಚೆ ಬಿದ್ದರೆ ಗಂಡಸು, ಈಚೆ ಬಿದ್ದರೆ ಹೆಂಗಸು. ಗಡಿಗೆ ತೀರ ಹತ್ತಿರವಾದರೆ ಅವರು ಬಾಯಿ ಬಿಡುವುದಿಲ್ಲ.

ಕಳೆದ ವರ್ಷ, 2008ರ ಮಳೆಗಾಲ ಮುಗಿದ ಮೇಲೆ, ಬಲೆಗೆ ನೀಳವಾದ ತೊಡೆಯೆಲುಬು ಸಿಕ್ಕಿತು. ಹಿಂದಿನ ವರ್ಷ ದೋಣಿ ಮಗುಚಿ ಕಾಣೆಯಾಗಿದ್ದ ಗೋಪಿಯ ಮನೆಯವರು ಓಡಿ ಬಂದರು. ಗೋಪಿ ಎತ್ತರದ ಆಳು. ಅಣ್ಣ ದೇವು ಎಲುಬು ಕಂಡವನೇ "ನಮ್ ಗೋಪಿದೇ" ಎಂದು ಗೋಳಾಡಿದ. ಕ್ರಿಯೆಗೆ ಪುರೋಹಿತರಿಗೆ ಹೇಳಿಯೂ ಕಳಿಸಿದ. ಗೋಪಿಯ ಹೆಂಡತಿ ಸರಸ ಮಾತ್ರ ಅಳಲಿಲ್ಲ.

"ಅಕ್ಕ, ಸಮಾ ಅಳ್ದ್ ಕಾಣಿ. ಅವ್ರದ್ದೇ ಆರೆ ಇವತ್ತೇ ಕರಿಮಣಿ ತೆಗಿತೆ" ಎಂದಳು.

ಸುಗುಣ ಅಳೆದರು. ಮತ್ತೊಮ್ಮೆ ಅಳೆದರು. ಉದ್ದ ಗಂಡಸಿನದೇ ಎನ್ನುವಂತಿತ್ತು. ಗುಂಡು ಸಣ್ಣದು, ಮೊಣಕಾಲ ಕಡೆ ಕಿರಿದು. ಮೊತ್ತ ಗಡಿಯಿಂದ ಬಹಳ ಈಚೆಗೆ ಬಿತ್ತು.

"ಹೆಂಗಸಿನದು," ಎಂದರು ಡಾಕ್ಟರು. ತಿಂಗಳುಗಳ ನಂತರ ಪ್ರಯೋಗಾಲಯದ ವರದಿಯೂ ಅದನ್ನೇ ಹೇಳಿತು.

ಅವತ್ತು ಡಾಕ್ಟರ ಮಾತು ಕೇಳಿದೊಡನೆ ಸರಸ ಕರಿಮಣಿಯನ್ನು ಕಣ್ಣಿಗೊತ್ತಿಕೊಂಡು ಎದ್ದಳು. ಅಂಗಳ ಖಾಲಿಯಾಯಿತು.

"ಅವ್ರ್ ಸಂಕ್ಟ ಅವ್ರಿಗೆ, ತಪ್ಪ್ ಹೇಳುಕಾತಿಲ್ಲೆ," ಎನ್ನುತ್ತಾರೆ ಸುಗುಣ. "ಆರೆ ಈ ಹೆಣ್ಣ್ ಯಾರ್ ಅಂದೇಳಿ ಒಬ್ರೂ ಕೇಣ್ಲಿಲ್ಲ ಕಾಣಿ."

ಆ ಹೆಂಗಸನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ಹೂಳುವ ದಿನ ಸುಗುಣ ಒಂದು ದಂಡೆ ಅಬ್ಬಲಿಗೆ ಹೂ ಕಟ್ಟಿಕೊಂಡು ಹೋದರು.

"ಗೋಪಿ ಹೆಸ್ರಲ್ ಸುಟ್ಟ್ ಬಿಡ್ತಿದ್ರ್ ಅಲ್ದಾ. ಹೆಣ್ಣಾಯೇ ಹೋಯ್ಲಿ ಅಂದೇಳಿ ಹೂ ಇಟ್ಟ್ ಬಂದೆ."